ಕುಹೂ ಅಂದರೆ ಏಳುವ ಬಾಗಿಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬೇವಿನ ಕಟ್ಟಿಗೆ. ಸೇಡಂನ ನರಸಪ್ಪನ ಹಳೇ ವ್ಯಾನಿನ ಹಿಂದಿನ ಬಾಗಿಲು ಎತ್ತಿದರೆ ಮೇಲೆ ನಿಲ್ಲುತ್ತಿರಲಿಲ್ಲ. ಆ ಕಟ್ಟಿಗೆಯನ್ನೇ ಆನಿಸಿ ನಿಲ್ಲಿಸುತ್ತಿದ್ದ. ಹೋದ ವಾರ ಕಟ್ಟಿಗೆ ಜಾರಿ, ಟ್ರಂಕು ಇಳಿಸುತ್ತಿದ್ದ ಬೀಗರ ತಲೆಯ ಮೇಲೆ ಬಾಗಿಲು ಬಂದು ಕೂತಿತು. ರುಮಾಲು ದಪ್ಪಗಿದ್ದುದರಿಂದ ತಲೆ ಉಳಿಯಿತು. ಬೀಗತನ ಅಷ್ಟಾಗಿ ಉಳಿಯಲಿಲ್ಲ.

ಅದೇ ಹೊತ್ತಿಗೆ ಸಿಮೆಂಟ್ ಕಾರ್ಖಾನೆಯ ಗೆಸ್ಟ್‌ಹೌಸಿಗೆ ವರ್ಷವಿಡೀ ಓಡುವ ಗಾಡಿ ಬೇಕಾಗಿತ್ತು. ಸೋಮವಾರ ಹನ್ನೊಂದಕ್ಕೆ ಅಲ್ಲಿನ ಮ್ಯಾನೇಜರ್ ನಂದಕಿಶೋರ್ ಸಾಹೇಬರು ತಾವೇ ಓಣಿಗೆ ಬಂದು ಗಾಡಿ ನೋಡುವವರಿದ್ದರು. ಅದೊಂದು ಕೈಗೆ ಹತ್ತಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ‘ಗುಲ್ಬರ್ಗಾ, ಗುಲ್ಬರ್ಗಾ’ ಎಂದು ಗಂಟಲು ಹರಿದುಕೊಳ್ಳುವುದು ತಪ್ಪುತ್ತಿತ್ತು.

“ಕಟ್ಟಿಗಿ ಬಿಸಾಕು ಭಾಯ್,” ಎಂದ ಮೆಕ್ಯಾನಿಕ್ ಮಜೀದಸಾಬ. “ಬಟನ್ ಒತ್ತಿದ್ರ ಬಾಕ್ಲಾ ತಾನೇ ಎದ್ದು ಸಲಾಂ ಹೊಡೀಬೇಕು. ಹಂಗ ಮಾಡಿಕೊಡ್ತೀನಿ.”

ಭಾನುವಾರ ಇಬ್ಬರೂ ಕೂತು ಮಾಡಿಯೇಬಿಟ್ಟರು. ಗುಜರಿ ಲಾರಿಯ ವೈಪರ್ ಮೋಟಾರು, ಸೈಕಲ್ ಚೈನು, ಮಜೀದಸಾಬ ಹೈದರಾಬಾದಿನಿಂದ ತಂದ ವೈರಿಲ್ಲದ ಡೋರ್‌ಬೆಲ್ಲು. ಕಿಸೆಯೊಳಗಿನ ಬಟನ್ ಒತ್ತಿದರೆ ಗಾಡಿಯಲ್ಲಿ ‘ಕುಹೂ’ ಎಂದು ಕೋಗಿಲೆ ಕೂಗಿ, ಬಾಗಿಲು ಮೊಣಕಾಲು ನೋವಿನ ಮುದುಕಿಯಂತೆ ‘ಅಯ್ಯಯ್ಯಪ್ಪಾ’ ಎನ್ನುತ್ತ ಏಳುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಇಳಿಯುತ್ತಿತ್ತು. ನರಸಪ್ಪ ಕತ್ತಲಾಗುವತನಕ ಒತ್ತಿದ್ದೇ ಒತ್ತಿದ್ದು.

“ನಾ ಕರದ್ರ ನೀ ಏಳಂಗಿಲ್ಲ, ನೀ ಕರದ್ರ ಬಾಕ್ಲಾ ಏಳ್ತದ,” ಎಂದಳು ಹೆಂಡತಿ ಸಾಬಮ್ಮ. “ಅದರ ಸಂಗಟೇ ಸಂಸಾರ ಮಾಡು.”

ಸೋಮವಾರ ಬೆಳಿಗ್ಗೆ ನರಸಪ್ಪ ಗಾಡಿ ತೊಳೆಯುತ್ತಿದ್ದ. ಬಟನ್ ಒಳಗೆ ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಲ್ಲಿತ್ತು. ‘ಕುಹೂ!’ ಬಾಗಿಲು ತಾನಾಗಿ ಎದ್ದಿತು. ಅಂಗಿ ತಂದು ಒತ್ತಿ ಇಳಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ‘ಕುಹೂ!’

“ಯವ್ವಾ, ದೃಷ್ಟಿ ತಾಗ್ಯಾದೋ ಇದಕ್ಕ!” ಎಂದು ಪಕ್ಕದ ಮನೆ ಅನಸುಬಾಯಿ ಓಡಿಬಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಮುಂದಿನ ಸಲ ಬಾಗಿಲು ನಿಂಬೆಹಣ್ಣನ್ನೂ ಹೊತ್ತುಕೊಂಡೇ ಎದ್ದಿತು. “ಇದು ನನ್ನ ಕೈಯಾಗಿಂದಲ್ಲಪಾ. ಮಾಸ್ತರ್‌ನ ಕರೀತೀನಿ ತಡಿ. ಮೂವತ್ತು ವರ್ಷ ವಿಜ್ಞಾನ ಕಲಿಸ್ಯಾರ.”

ಎದುರು ಮನೆಯ ವಿಠ್ಠಲರಾವ ಮಾಸ್ತರರ ಕಟ್ಟೆ ಹತ್ತಿ ಅವಳು ಬೆಲ್ ಒತ್ತಿದಳು. ಇತ್ತ ವ್ಯಾನಿನ ಬಾಗಿಲು ಎದ್ದಿತು. ಅತ್ತ ಮಾಸ್ತರರು ಸೆಗಣಿನೀರಿನ ಬಕೆಟ್ ಎತ್ತಿಕೊಂಡೇ ಹೊರಬಂದರು. ಅನಸುಬಾಯಿ ಚಿಟ್ಟನೆ ಚೀರಿದ್ದರಿಂದ ಉಳಿದಳು.

“ನೀವಾ? ತಪ್ಪು ತಿಳೀಬ್ಯಾಡ್ರಿ,” ಎಂದು ಮಾಸ್ತರರು ಬಕೆಟ್ ಇಳಿಸಿದರು. “ನಿನ್ನೆ ಹೊಸಾ ಬೆಲ್ ಹಚ್ಚೀವಿ. ಯಾವನೋ ಭಾಡ್ಯಾ ನೂರು ಸಲ ಒತ್ತಿ ಓಡಿಹೋಗ್ಯಾನ!”

“ಮಡೀಲೆ ಅಡಗಿ ಮಾಡಲೋ, ಬಾಕ್ಲಾ ತೆಗೀಲೋ?” ಒಳಗಿನಿಂದ ಸೀತಾಬಾಯಿಯ ದನಿ. “ಮುಂದಿನ ಸಲ ಯಾರಂತ ನೋಡಬ್ಯಾಡ್ರಿ, ಸುರುವಿಬಿಡ್ರಿ!”

ಮಾಸ್ತರರು ಗಾಡಿಯನ್ನು ಮೂರು ಸುತ್ತು ಹಾಕಿ, ಅಯಸ್ಕಾಂತದ ಮೇಲೆ ಅರ್ಧ ತಾಸು ಪಾಠ ಹೇಳಿ ಜಪಕ್ಕೆ ಹೋದರು.

ಸುದ್ದಿ ಕೇಳಿ ಬಂದ ಮಜೀದಸಾಬ ಎದುರು ಮನೆಯ ಬೆಲ್ ನೋಡಿ ಹಣೆ ಬಡಿದುಕೊಂಡ. “ಯಾ ಅಲ್ಲಾ! ನಾನೇ ಮಾಸ್ತರಿಗೆ ಕೊಟ್ಟೀನಿ. ಎರಡೂ ಒಂದೇ ಡಬ್ಬಿವು, ಅವಳಿ-ಜವಳಿ! ಅಲ್ಲಿ ಹಾಲಿನವ, ಹೂವಿನವ ಯಾರು ಒತ್ತಿದ್ರೂ ಇಲ್ಲಿ ಏಳಾಕತ್ತದ.”

“ಸಾಹೇಬ್ರು ಬರೋ ಟೈಮಾತು! ಮಾಸ್ತರಿಗೆ ಹೇಳೋಣೇನು?”

“ಹೇಳಿದ್ರ ಮತ್ತ ಪಾಠ ಶುರು.” ಮಜೀದಸಾಬ ಕಳ್ಳಹೆಜ್ಜೆ ಇಟ್ಟು ಕಟ್ಟೆ ಹತ್ತಿ, ಬಾಗಿಲಚೌಕಟ್ಟಿನ ಬಟನ್ನಿನ ಸೆಲ್ ಕಿತ್ತು ಕಿಸೆಗೆ ಹಾಕಿದ. “ಈಗ ಯಾರು ಒತ್ತಿದ್ರೂ ನಿನ್ನ ಬಾಕ್ಲಾ ಏಳಂಗಿಲ್ಲ. ಬೇಫಿಕರ್ ಇರು.”

ಹನ್ನೊಂದಕ್ಕೆ ಸರಿಯಾಗಿ ನಂದಕಿಶೋರ್ ಸಾಹೇಬರು ಬಂದರು. ಹಾಲಿನ ಕೆನೆಯಂಥ ಬಿಳೀ ಅಂಗಿ. ಬಿಸಿಲು ಓಣಿಯ ಶಹಾಬಾದ್ ಪರಸಿಕಲ್ಲಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

“ಬಿಸಿಲಾಗ ಯಾಕ ನಿಂತೀರಿ ಸಾಹೇಬ್ರ?” ನರಸಪ್ಪ ಭಕ್ತಿಯಿಂದ ಕೈಮಾಡಿದ. “ಮಾಸ್ತರ ಕಟ್ಟಿಮ್ಯಾಲ ನೆಳ್ಳದ, ಬಾಕ್ಲಾದ ಹಂತ್ಯಾಕ ನಿಂದರ್ರಿ. ಅಲ್ಲಿಂದ ಭಾಳ ಛಂದ ಕಾಣತದ.”

ಸಾಹೇಬರು ನಿಂತರು. ನರಸಪ್ಪ ಕಿಸೆಯಲ್ಲೇ ಬಟನ್ ಒತ್ತಿದ. ‘ಕುಹೂ!’ ಬಾಗಿಲು ಗತ್ತಿನಿಂದ ಎದ್ದಿತು.

“ಶಾಬಾಸ್!” ಸಾಹೇಬರು ಚಪ್ಪಾಳೆ ತಟ್ಟಿದರು. “ಇಂಥಾದ್ದು ಹೈದರಾಬಾದಿನಾಗೂ ನೋಡಿಲ್ಲ. ನಾಳಿಯಿಂದ—”

ಆಗಲೇ ಅವರ ಬೆನ್ನ ಹಿಂದೆ, ಮಾಸ್ತರರ ಮನೆಯೊಳಗೆ, ಇನ್ನೊಂದು ಕೋಗಿಲೆ ಕೂಗು ಮುಗಿಸುತ್ತಿದ್ದುದು ನರಸಪ್ಪನ ಕಿವಿಗೆ ಬಿತ್ತು. ಸೆಲ್ ಕಿತ್ತದ್ದು ಹೊರಗಿನ ಬಟನ್ನಿಂದ. ಒಳಗಿನ ಬೆಲ್ಲು ಎಚ್ಚರವಾಗೇ ಇತ್ತು. ನಿನ್ನೆ ನೂರು ಸಲ ಮಾಸ್ತರರನ್ನು ಎಬ್ಬಿಸಿದ ಭಾಡ್ಯಾ ಯಾರೆಂದು ನರಸಪ್ಪನಿಗೆ ಹೊಳೆಯುವುದಕ್ಕೂ, ಎದುರು ಮನೆಯ ಬಾಗಿಲು ದಢಾರನೆ ತೆರೆಯುವುದಕ್ಕೂ ಸರಿಹೋಯಿತು.

“ಸಿಕ್ಕಿ ಮಗನಾ!” ಎಂದು ಮಾಸ್ತರರು ಅಬ್ಬರಿಸಿದರು.

ಬಕೆಟ್ ಪೂರ್ತಿ ಖಾಲಿಯಾಯಿತು. ಸಾಹೇಬರು ಆಗಷ್ಟೇ ಸಾರಿಸಿದ ಅಂಗಳದಂತೆ ಹಸಿರಾಗಿ ನಿಂತರು. ‘ನಾಳಿಯಿಂದ’ ಎಂಬ ಮಾತಿನ ಉಳಿದರ್ಧ ಗಂಟಲಲ್ಲೇ ತೊಯ್ದುಹೋಯಿತು.

ನರಸಪ್ಪ ಕಟ್ಟೆಗೆ ಹಾರಿ, ಅವರನ್ನು ಒರೆಸಲು ಕರವಸ್ತ್ರಕ್ಕೆಂದು ಗಡಬಡಿಸಿ ಕಿಸೆಗೆ ಕೈ ತುರುಕಿದ. ಕೈಗೆ ಸಿಕ್ಕಿದ್ದು ಬಟನ್.

‘ಕುಹೂ!’ ಎಂದಿತು ವ್ಯಾನು. ‘ಕುಹೂ!’ ಎಂದಿತು ಮನೆ.

“ಮತ್ತ ಬಂದಾನ್ರಿ ಭಾಡ್ಯಾ!” ಒಳಗಿನಿಂದ ಸೀತಾಬಾಯಿ ಕೂಗಿದರು. “ಸರೀರಿ ಆಕಡೆ, ಈ ಸಲದ ಬಕೆಟ್ ನಂದು!”