ಭಂತೇಜಿ ಬಂದ ಏಕಾದಶಿ

ಸುಮ್ಮನೆ ಕೂರಲು ಜನ ಸಿಗುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಅದೂ ಕಾಪುವಿನಲ್ಲಿ! ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಬೀಡಿ ಅಂಗಡಿಯ ಬೆಂಚಿನ ಮೇಲೆ, ಪಂಚಾಯತು ಕಚೇರಿಯ ಮೇಜಿನ ಹಿಂದೆ ಬೆಳಗಿನಿಂದ ಸಂಜೆಯ ತನಕ ಕೂತೇ ಇರುವ ಮಹನೀಯರನ್ನು ರಘುಪತಿ ಮಾಷ್ಟ್ರು ದಿನವೂ ಕಣ್ಣಾರೆ ನೋಡುತ್ತಿದ್ದರು. ಆದರೆ ಅದೇ ಮಹನೀಯರ ಹತ್ತಿರ ಹೋಗಿ, "ಆದಿತ್ಯವಾರ ನಮ್ಮ ಉಪ್ಪರಿಗೆಗೆ ಬಂದು ಒಂದು ಗಂಟೆ ಸುಮ್ಮನೆ ಕೂತುಕೊಳ್ಳಿ" ಎಂದರೆ ಸಾಕು, ಎಲ್ಲರಿಗೂ ಒಮ್ಮೆಲೇ ಕೆಲಸ ನೆನಪಾಗುತ್ತಿತ್ತು.

ಮಾಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವರು. ವರ್ಷಕ್ಕೊಮ್ಮೆ ಬುದ್ಧನನ್ನು ಅರಮನೆಯಿಂದ ಹೊರಡಿಸಿ, ಬೋಧಿವೃಕ್ಷದ ಕೆಳಗೆ ಕೂರಿಸಿ, ಗಂಟೆ ಹೊಡೆಯುವುದರೊಳಗೆ ಪರಿನಿರ್ವಾಣವನ್ನೂ ಮಾಡಿಸಿ ಮುಗಿಸುತ್ತಿದ್ದರು. ತುರ್ತುಪರಿಸ್ಥಿತಿ ಮುಗಿದ ಮರುವರ್ಷದ ಬೇಸಗೆ ರಜೆಯಲ್ಲಿ ಬೊಂಬಾಯಿಯ ಭಾವನ ಮನೆಗೆ ಹೋದವರು, ಅಲ್ಲಿಂದ ಯಾವುದೋ ಧ್ಯಾನ ಶಿಬಿರಕ್ಕೆ ಹೋಗಿ, ಒಂದು ಹಿತ್ತಾಳೆಯ ಗಂಟೆಯನ್ನೂ ಒಂದು ಥರದ ಮುಗುಳ್ನಗೆಯನ್ನೂ ಹಿಡಿದುಕೊಂಡು ಊರಿಗೆ ಬಂದರು. ಗಂಟೆಯನ್ನು ಹೆಂಡತಿ ನರ್ಮದಾ ಸಹಿಸಿಕೊಂಡರು. ಮುಗುಳ್ನಗೆಯನ್ನು ಸಹಿಸುವುದು ಕಷ್ಟವಾಯಿತು. (ಅಕ್ಕಿ ಮುಗಿದಿದೆ ಎಂದರೂ ಮುಗುಳ್ನಗೆ, ಬಚ್ಚಲಿನ ನೀರು ಹೋಗುವುದಿಲ್ಲ ಎಂದರೂ ಅದೇ.) ಹೀಗೆ ಹುಟ್ಟಿಕೊಂಡದ್ದು ಕಾಪು ಬೌದ್ಧ ಧ್ಯಾನ ಸಂಘ.

ಸಂಘದ ಸ್ಥಿತಿ ಮೊದಲ ತಿಂಗಳಿನಿಂದಲೇ ಶೋಚನೀಯವಾಗಿತ್ತು. ಮಣಿಪಾಲದಿಂದ ಬರುತ್ತಿದ್ದ ಮೆಡಿಕಲ್ ವಿದ್ಯಾರ್ಥಿಗಳು ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಭಕ್ತಿಯಿಂದ ಕೂತರು, ಫಲಿತಾಂಶ ಬಂದ ಮೇಲೆ ಮಾಯವಾದರು. ಉಡುಪಿಯ ಪ್ರಭಾವತಿ ಟೀಚರು ತಪ್ಪದೆ ಬರುತ್ತಿದ್ದರು. ಆದರೆ ಅವರು ಕಣ್ಣು ಅರ್ಧ ತೆರೆದೇ ಕೂತು, ಯಾರು ಎಷ್ಟು ಸಲ ಮೈ ತುರಿಸಿಕೊಂಡರು ಎಂದು ಕೊನೆಯಲ್ಲಿ ವರದಿ ಒಪ್ಪಿಸುವವರು. ಕಾರ್ಕಳದ ಜವಳಿ ವ್ಯಾಪಾರಿ ಗುಣಪಾಲ ಹೆಗ್ಡೆಯವರು ಜೈನರು. ಹೊತ್ತು ಮುಳುಗಿದ ಮೇಲೆ ಊಟ ಇಲ್ಲದ ಕಾರಣ ಅವರ ಧ್ಯಾನವೆಲ್ಲ ಸೂರ್ಯನ ಮೇಲೆಯೇ. ಹಾಗಾಗಿ ಸಂಜೆ ನಡೆಯುತ್ತಿದ್ದ ಧ್ಯಾನವನ್ನು ಅವರಿಗೋಸ್ಕರ ಬೆಳಗ್ಗಿಗೆ ಹಾಕಿದರು. ಬೆಳಗ್ಗಿಗೆ ಹಾಕಿದ್ದೇ ದೂಮಪ್ಪನವರ ಕತೆ ಕೆಟ್ಟಿತು.

ದೂಮಪ್ಪನವರು ಕಡಲಿನ ಬದಿಯ ಮೊಗವೀರರು. ಮಲ್ಪೆಯಲ್ಲಿ ಟ್ರಾಲರ್ ಬೋಟು ಇಟ್ಟವರು, ಬೆಳಕು ಹರಿಯುವ ಮೊದಲೇ ಮೀನಿನ ಏಲಂ ಮುಗಿಸಿ ಬರುವವರು. "ಬಿ.ಪಿ. ಉಂಟು, ದಿನಕ್ಕೆ ಸ್ವಲ್ಪ ಹೊತ್ತು ಶಾಂತವಾಗಿ ಕೂತುಕೊಳ್ಳಿ" ಎಂದು ಡಾಕ್ಟರು ಹೇಳಿದ್ದನ್ನು ಶಿರಸಾವಹಿಸಿ ಸಂಘ ಸೇರಿದ್ದರು. ಬಂದು, ಗೋಡೆಗೆ ಒರಗಿ, ಕಣ್ಣು ಮುಚ್ಚಿದರೆ ಆಯಿತು. ಮೊದಲು ಮೆಲ್ಲನೆ ಒಂದು ಸೀಟಿ, ನಂತರ ಬೋಟಿನ ಇಂಜಿನು ಚಾಲೂ ಆದ ಶಬ್ದ. ಮಾಷ್ಟ್ರು ಎದ್ದು ಹೋಗಿ, ಬೀಸಣಿಗೆಯ ಹಿಡಿಯಿಂದ ಅವರ ಭುಜ ತಟ್ಟಿ, "ದೂಮಪ್ಪ, ಉಸಿರನ್ನು ಗಮನಿಸಿ" ಎನ್ನಬೇಕು. "ಗಮನಿಸ್ತಾ ಇದ್ದೇನೆ ಮಾಷ್ಟ್ರೇ" ಎಂದು ಅವರು ಪುನಃ ಗೊರಕೆ ಹೊಡೆಯಬೇಕು. ಇದರ ನಡುವೆ ಹೊರಗೆ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನು.

"ಇದಕ್ಕೆಲ್ಲ ಒಂದು ಸಂಘ ಬೇಕಾ? ಮನುಷ್ಯ ಪಾಪ, ಅವರ ಮನೆಯಲ್ಲೇ ಮಲಗಲಿ" ಎಂದರು ನರ್ಮದಾ.

"ನಿನಗೆ ಅರ್ಥ ಆಗುವುದಿಲ್ಲ ಮಾರಾಯ್ತಿ. ಸಂಘದಲ್ಲಿ ಮೇಲು ಕೀಳು ಇಲ್ಲ. ದೂಮಪ್ಪನಿಗೂ ನನಗೂ ವ್ಯತ್ಯಾಸ ಇಲ್ಲ."

"ಹೌದಾ? ಹಾಗಾದರೆ ಮೊನ್ನೆ ಅವರ ಮಗಳ ಮದುವೆಗೆ ಹೋದವರು ಊಟ ಮಾಡದೆ ಬರೀ ಗೋಲಿಸೋಡ ಕುಡಿದು ಬಂದದ್ದು ಯಾಕೆ?"

"ಅವತ್ತು ಹೊಟ್ಟೆ ಸರಿ ಇರಲಿಲ್ಲ."

"ಅದರ ಹಿಂದಿನ ವರ್ಷ ಗೃಹಪ್ರವೇಶಕ್ಕೆ?"

"ಅವತ್ತು ಶ್ರಾದ್ಧದ ಹಿಂದಿನ ದಿನ" ಎಂದು ಮಾಷ್ಟ್ರು ಮುಗುಳ್ನಕ್ಕರು. ನರ್ಮದಾ ಸೌಟು ಕುಕ್ಕಿ ಒಳಗೆ ಹೋದರು.

ಮಾಷ್ಟ್ರ ಎದೆಯಲ್ಲಿ ಇದ್ದದ್ದು ಒಂದೇ ಆಸೆ. ಬೆಂಗಳೂರಿನ ಕಡೆಯ ಒಂದು ವಿಹಾರದವರು ಸಂಘವನ್ನು ತಮ್ಮ ಶಾಖೆ ಎಂದು ಒಪ್ಪಿಕೊಂಡರೆ, ಪ್ರತಿವರ್ಷ ಭಿಕ್ಷುಗಳು ಬಂದು ಇದ್ದು ಕಲಿಸಿಕೊಟ್ಟು ಹೋಗುತ್ತಾರೆ. ಆಗ ಸಂಘ ಉಳಿಯುತ್ತದೆ. ಒಪ್ಪದಿದ್ದರೆ ಗೋಡೆಗೆ ಒರಗಿದ ದೂಮಪ್ಪನವರ ಜೊತೆಗೆ ಸಂಘವೂ ಚಿರನಿದ್ರೆಗೆ ಸಂದ ಹಾಗೆಯೇ. ಒಂದು ವರ್ಷ ಪತ್ರ ಬರೆದೂ ಬರೆದೂ ಕೊನೆಗೆ ಉತ್ತರ ಬಂತು. ಹಿರಿಯ ಭಿಕ್ಷುಗಳೊಬ್ಬರು ಖುದ್ದಾಗಿ ಬಂದು ನೋಡಿ ತೀರ್ಮಾನಿಸುತ್ತಾರೆ, ಯಾವ ಆದಿತ್ಯವಾರ ಅನುಕೂಲ ಎಂದು ತಿಳಿಸಬೇಕು.

ಮಾಷ್ಟ್ರು ಪಂಚಾಂಗ ನೋಡಿ ಹುಡುಕಿ ಹುಡುಕಿ ಏಕಾದಶಿ ಬಿದ್ದ ಆದಿತ್ಯವಾರವನ್ನೇ ಗೊತ್ತು ಮಾಡಿದರು.

"ಏಕಾದಶಿಗಾ?" ನರ್ಮದಾ ಬೆಚ್ಚಿದರು. "ಅವತ್ತು ನಮ್ಮಲ್ಲಿ ಒಲೆ ಹಚ್ಚುವ ಕ್ರಮ ಇಲ್ಲ. ಬಂದವರಿಗೆ ಎಂತ ಕೊಡುವುದು?"

"ಅದೇ ತಾನೇ ಸೂಕ್ಷ್ಮ! ಹೊಟ್ಟೆ ಖಾಲಿ ಇದ್ದರೆ ಮನಸ್ಸು ನಿಲ್ಲುತ್ತದೆ. ದೂಮಪ್ಪನಿಗೆ ಕೂಡ ನಿದ್ದೆ ಬರುವುದಿಲ್ಲ. ಅಲ್ಲದೆ ಬರುವವರು ಸನ್ಯಾಸಿಗಳು. ಏಕಾದಶಿ ದಿವಸ ಅವರು ಒಂದು ಹನಿ ನೀರು ಮುಟ್ಟುತ್ತಾರಾ?"

"ಬೌದ್ಧರಿಗೆ ಏಕಾದಶಿ ಉಂಟಾ? ಕೇಳಿದ್ದೀರಾ?"

"ಎಂತ ಮಾತು ಆಡ್ತೀ ನೀನು! ಏಕಾದಶಿಗೆ ಊಟ ಮಾಡ್ತೀರಾ ಅಂತ ಒಬ್ಬ ಸನ್ಯಾಸಿಯನ್ನು ಕೇಳುವುದುಂಟಾ?"

ಉಡುಪಿಯ ಎಂಟು ಮಠಗಳ ಸ್ವಾಮಿಗಳನ್ನು ನೋಡಿ ಬೆಳೆದವರಿಗೆ ಏಕಾದಶಿಯ ದಿವಸ ಅನ್ನ ತಿನ್ನುವ ಸನ್ಯಾಸಿ ಎನ್ನುವುದು ಕಲ್ಪನೆಗೂ ಬರುವ ವಸ್ತುವಲ್ಲ. ಕಾವಿ ಬಟ್ಟೆ ಉಟ್ಟ ಮೇಲೆ ಉಪವಾಸ ತಾನಾಗಿಯೇ ಬರುತ್ತದೆ ಎಂದೇ ಮಾಷ್ಟ್ರು ತಿಳಿದಿದ್ದರು. ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲ ಎಂದು ಅವರೇ ಎಷ್ಟೋ ವರ್ಷ ಪಾಠ ಮಾಡಿದ್ದರು. ಮಾಮೂಲು ದಿನ ಒಂದು ಹೊತ್ತು ಎಂದಾದರೆ ಏಕಾದಶಿಗೆ ಅದೂ ಇಲ್ಲ, ಇಷ್ಟು ಸರಳ ಲೆಕ್ಕ.

ಆದಿತ್ಯವಾರ ಬೆಳಗ್ಗೆ ಬೆಂಗಳೂರು ಬಸ್ಸಿನಿಂದ ಆ ಹಿರಿಯ ಭಿಕ್ಷುಗಳು, ಅಂದರೆ ಎಲ್ಲರ ಬಾಯಲ್ಲಿ ಭಂತೇಜಿ, ಇಳಿದರು. ವಯಸ್ಸಾದವರು, ಸಣಕಲು ಶರೀರ, ಹೆಗಲಿನಿಂದ ಇಳಿಬಿದ್ದ ಒಂದು ಭಿಕ್ಷಾಪಾತ್ರೆ. ಹಿಂದಿನ ಮಧ್ಯಾಹ್ನ ಉಂಡವರು ಮತ್ತೆ ಏನೂ ತಿನ್ನದೆ ಘಾಟಿ ಇಳಿದು ಬಂದಿದ್ದರು. ಮನೆಯೊಳಗೆ ಬಂದವರೇ ಒಲೆಯ ಕಡೆ ಒಂದು ಸಲ ನೋಡಿದರು. ಒಲೆ ಸಾರಿಸಿ, ಮೇಲೆ ರಂಗೋಲಿ ಬಿಡಿಸಿ, ಬಹಳ ಚಂದ ಮಾಡಿ ಇಟ್ಟಿದ್ದರು. ಭಂತೇಜಿ ಏನೂ ಕೇಳಲಿಲ್ಲ. ಬಾಯಿಬಿಟ್ಟು ಅನ್ನ ಕೇಳಬಾರದು ಎಂಬುದು ಅವರ ನಿಯಮ. ಮಾಷ್ಟ್ರಿಗೆ ಈ ನಿಯಮ ಗೊತ್ತಿರಲಿಲ್ಲ, ಅದು ಪಾಠಪುಸ್ತಕದಲ್ಲಿ ಇರಲಿಲ್ಲ.

ಉಪ್ಪರಿಗೆಯಲ್ಲಿ ಧ್ಯಾನ ಆರಂಭವಾಯಿತು. ಬಾಯಾರಿಕೆಗೆ ಎದ್ದ ಮಾಷ್ಟ್ರು ಮೆಟ್ಟಿಲಿಳಿದು ಬಂದರೆ (ನೀರು ಕುಡಿಯಲು ಅಲ್ಲ, ಬರೀ ಕೊಡವನ್ನು ನೋಡಲು) ನರ್ಮದಾ ಅಡ್ಡ ನಿಂತರು.

"ಅವರು ಎರಡು ಸಲ ಅಡಿಗೆಮನೆ ಕಡೆ ನೋಡಿದ್ದಾರೆ. ನಾನು ಲೆಕ್ಕ ಇಟ್ಟಿದ್ದೇನೆ."

"ಅದು ಸಮಭಾವದ ದೃಷ್ಟಿ. ಅವರು ಎಲ್ಲ ಕಡೆಗೂ ಹಾಗೆಯೇ ನೋಡುತ್ತಾರೆ."

"ಹಸಿದವರ ದೃಷ್ಟಿ ನನಗೆ ಗೊತ್ತಾಗುವುದಿಲ್ಲವಾ? ನಿಮ್ಮನ್ನು ಕಟ್ಟಿಕೊಂಡು ಎಷ್ಟು ವರ್ಷ ಆಯಿತು! ಒಂದು ಉಪ್ಪಿಟ್ಟಾದರೂ ಮಾಡ್ಲಾ?"

"ಸನ್ಯಾಸಿಯ ವ್ರತ ಕೆಡಿಸ್ತೀಯಾ? ಸಂಘದ ಅಳಿವು ಉಳಿವಿನ ಪ್ರಶ್ನೆ ಇದು!"

ಹನ್ನೊಂದು ಹೊಡೆಯುವಾಗ ಭಂತೇಜಿ ಮೆಲ್ಲಗೆ ಎದ್ದರು. ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ, ಮೆಟ್ಟಿಲಿಳಿದು ಅಂಗಳ ದಾಟಿದರು. ಮಾಷ್ಟ್ರಿಗೆ ರೋಮಾಂಚನವಾಯಿತು. "ನಡಿಗೆಯ ಧ್ಯಾನ!" ಎಂದು ಪಿಸುಗುಟ್ಟಿ ಎಲ್ಲರನ್ನೂ ಎಬ್ಬಿಸಿ ಸಾಲಾಗಿ ಹೊರಡಿಸಿದರು. ಮುಂದೆ ಭಂತೇಜಿ, ಹಿಂದೆ ಗಂಟೆ ಹಿಡಿದ ಮಾಷ್ಟ್ರು, ಅವರ ಹಿಂದೆ ಗುಣಪಾಲ ಹೆಗ್ಡೆಯವರು, ಪ್ರಭಾವತಿ ಟೀಚರು, ಆಕಳಿಸುತ್ತಾ ದೂಮಪ್ಪನವರು, ಕೊನೆಗೆ ಕೊಡೆ ಬಿಡಿಸಿಕೊಂಡು ನರ್ಮದಾ. ಎಕ್ಸ್‌ಪ್ರೆಸ್ ಬಸ್ಸೊಂದು ಹಾರ್ನು ಹಾಕುವುದನ್ನೂ ಮರೆತು ನಿಂತು ನೋಡಿತು.

"ಹೆಜ್ಜೆಯನ್ನು ಗಮನಿಸಿ, ಹೆಜ್ಜೆಯನ್ನು ಗಮನಿಸಿ" ಎಂದು ಮಾಷ್ಟ್ರು ಹಿಂದಕ್ಕೆ ಸೂಚನೆ ಕೊಡುತ್ತಾ ಬಂದರು.

ಭಂತೇಜಿ ಪಕ್ಕದ ಉಪಾಧ್ಯರ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಅಲ್ಲಿಯೂ ಏಕಾದಶಿ. ಅದರಾಚೆ ಭಟ್ಟರ ಮನೆ, ಅಲ್ಲಿಯೂ ಏಕಾದಶಿ. ಆ ಇಡೀ ಬೀದಿಯಲ್ಲಿ ಒಂದು ಮನೆಯ ಮಾಡಿನಿಂದಲೂ ಹೊಗೆ ಏಳುತ್ತಿರಲಿಲ್ಲ. ಪ್ರತಿ ಮನೆಯ ಮುಂದೆ ಅವರು ನಿಲ್ಲುವಾಗ, ನಿಂತು ಧ್ಯಾನಿಸುವ ಕ್ರಮ ಇರಬೇಕು ಎಂದುಕೊಂಡು ಮಾಷ್ಟ್ರೂ ಕಣ್ಣುಮುಚ್ಚಿ ನಿಂತರು. ಹಾಗೆ ನಿಂತೂ ನಿಂತೂ ಮೆರವಣಿಗೆ ಕಡಲಿನ ಬದಿಗೆ ಬಂತು. ಮೂಗಿಗೆ ಒಂದು ಪರಿಮಳ ಬಡಿಯಿತು. ಮಾಷ್ಟ್ರು ಕಣ್ಣು ಬಿಟ್ಟರೆ ಎದುರಿಗೆ ದೂಮಪ್ಪನವರ ಮನೆ.

ಜಗಲಿಯಲ್ಲಿ ಬಲೆ ಬಿಡಿಸುತ್ತಿದ್ದ ದೂಮಪ್ಪನವರ ತಾಯಿ ಅಮ್ಮಣ್ಣಿ ತಲೆಯೆತ್ತಿದರು. ಕಾವಿ ಬಟ್ಟೆ ನೋಡಿದರು, ಪಾತ್ರೆ ನೋಡಿದರು, ಮುದುಕರ ಮುಖ ನೋಡಿದರು. ಒಳಗೆ ಹೋಗಿ, ಕುಚ್ಚಲಕ್ಕಿಯ ಬಿಸಿ ಅನ್ನ ತಂದು ಪಾತ್ರೆಗೆ ಹಾಕಿ, ಅದರ ಮೇಲೆ ಬಂಗುಡೆ ಮೀನಿನ ಸಾರು ಸುರಿದರು. ಗುಣಪಾಲ ಹೆಗ್ಡೆಯವರು ಶಾಲಿನಿಂದ ಮೂಗು ಮುಚ್ಚಿಕೊಂಡು ರಸ್ತೆಯ ಆಚೆಗೆ ಹಾರಿದರು.

"ಅಯ್ಯೋ, ಏಕಾದಶಿ!" ಎಂದು ಮಾಷ್ಟ್ರು ಕೂಗಿಯೇಬಿಟ್ಟರು. ಕೈಯಲ್ಲಿದ್ದ ಗಂಟೆ ತಾನೇ ಬಡಿದುಕೊಂಡಿತು.

ಭಂತೇಜಿ ಜಗಲಿಯಲ್ಲಿ ಕೂತು, ಹನ್ನೆರಡಾಗುವ ಮೊದಲು, ಒಂದಗಳೂ ಬಿಡದೆ ಉಂಡರು. ಪಾತ್ರೆ ತೊಳೆದಿಟ್ಟು ಅಲ್ಲಿಯೇ ಕಣ್ಣು ಮುಚ್ಚಿದರು. ಬೇರೆ ದಾರಿಯಿಲ್ಲದೆ ಎಲ್ಲರೂ ಸುತ್ತ ಕೂತರು. ಕಡಲಿನ ಸದ್ದು ಒಂದೇ ಸಮನೆ ಬರುತ್ತಿತ್ತು, ಬಸ್ಸಿನ ಹಾರ್ನು ಅಲ್ಲಿಯ ತನಕ ಬರುತ್ತಿರಲಿಲ್ಲ. ಪ್ರಭಾವತಿ ಟೀಚರು ಪೂರ್ತಿ ಕಣ್ಣು ಮುಚ್ಚಿದ್ದು ಅಂದೇ ಮೊದಲು. ದೂಮಪ್ಪನವರು ಗೊರಕೆ ಹೊಡೆಯಲಿಲ್ಲ. ಮನೆಗೆ ಬಂದವರನ್ನು ಕೂರಿಸಿಕೊಂಡು ಮನೆಯ ಯಜಮಾನ ಮಲಗುವುದು ಹೇಗೆ?

ಎದ್ದಾಗ ಭಂತೇಜಿ ಹೇಳಿದರು: "ವರ್ಷಕ್ಕೊಮ್ಮೆ ಭಿಕ್ಷುಗಳನ್ನು ಕಳಿಸುತ್ತೇನೆ. ಸಂಘ ಇಲ್ಲಿಯೇ ಕೂರಲಿ. ಈ ಅಮ್ಮ ಅನ್ನ ಹಾಕುತ್ತಾರೆ." ಮಾಷ್ಟ್ರ ಕಡೆ ತಿರುಗಿ, "ನಿಮ್ಮ ಮನೆಯ ಒಲೆಯ ರಂಗೋಲಿ ಚೆನ್ನಾಗಿತ್ತು" ಎಂದರು. ಅದೇ ಮುಗುಳ್ನಗೆ! ಆ ನಗೆ ಎದುರಿಗಿರುವವರಿಗೆ ಎಷ್ಟು ಚುಚ್ಚುತ್ತದೆ ಎಂದು ಮಾಷ್ಟ್ರಿಗೆ ಮೊದಲ ಸಲ ತಿಳಿಯಿತು.

ಸಂಜೆಯೇ ದೂಮಪ್ಪನವರ ಮೀನಿನ ಲಾರಿ ಬಂದು ಸಂಘದ ಬೋರ್ಡನ್ನೂ ಚಾಪೆಗಳನ್ನೂ ಹೇರಿಕೊಂಡು ಹೋಯಿತು. ಇಡೀ ವಾರ ಮಾಷ್ಟ್ರಿಗೆ ನಿದ್ದೆ ಬರಲಿಲ್ಲ. ಶಾಖೆ ಸಿಕ್ಕಿತು, ಸಂಘ ಉಳಿಯಿತು, ತನ್ನ ಕೈಯಲ್ಲಿ ಉಳಿದದ್ದು ಬರೀ ಗಂಟೆ.

ಮುಂದಿನ ಆದಿತ್ಯವಾರ ಅವರು ಹಟದಿಂದ ಒಬ್ಬರೇ ಉಪ್ಪರಿಗೆಯಲ್ಲಿ ಕೂತರು. ಎಂಥ ಮೌನ! ಗೊರಕೆ ಇಲ್ಲ, ವರದಿ ಇಲ್ಲ, "ಹೊತ್ತು ಎಷ್ಟಾಯಿತು" ಎಂದು ಕೇಳುವವರಿಲ್ಲ. ಬೇಕು ಬೇಕೆಂದು ಬೇಡಿಕೊಂಡ ಮೌನ ಎದುರಿಗೆ ಬಂದು ಕೂತಿತ್ತು, ಮಾಷ್ಟ್ರಿಗೆ ಅದರ ಮುಖ ನೋಡಲಿಕ್ಕಾಗಲಿಲ್ಲ. ಅಳು ಬಂತು. ಇಳಿದು ಬಂದರೆ ಅಡಿಗೆಮನೆಯಲ್ಲಿಯೂ ಮೌನ. ನರ್ಮದಾ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು.

"ಎಲ್ಲಿಗೆ?"

"ಸಂಘಕ್ಕೆ. ಅಲ್ಲಿ ಗಂಟೆ ಇಲ್ಲವಂತೆ. ನೀವು ಬರುವುದಿಲ್ಲವಾದರೆ ಅದನ್ನಾದರೂ ಕೊಡಿ."

ಗಂಟೆಯನ್ನು ಬಿಟ್ಟುಕೊಡಲು ಮನಸ್ಸಾಗದೆ ಮಾಷ್ಟ್ರು ಅದರ ಜೊತೆಗೆ ತಾವೂ ಹೋದರು. ದೂಮಪ್ಪನವರ ಜಗಲಿ ತುಂಬಿತ್ತು. ಗಾಳಿ ಬರುವ ಮೂಲೆಯನ್ನು ಗುಣಪಾಲ ಹೆಗ್ಡೆಯವರು ಮೊದಲೇ ಹಿಡಿದಿದ್ದರು. ಹಿಂದೆ ಗೋಡೆಯ ಬದಿಯಲ್ಲಿ ಮಾತ್ರ ಜಾಗ ಇತ್ತು. ಮಾಷ್ಟ್ರು ಗೋಡೆಗೆ ಒರಗಿದರು, ಕಣ್ಣು ಮುಚ್ಚಿದರು. ವಾರವಿಡೀ ಬಾರದ ನಿದ್ದೆ ಕಡಲಿನ ಸದ್ದು ಕೇಳಿದ್ದೇ ಬಂದುಬಿಟ್ಟಿತು.

ಯಾರೋ ಭುಜವನ್ನು ಬೀಸಣಿಗೆಯ ಹಿಡಿಯಿಂದ ತಟ್ಟಿದರು.

"ಮಾಷ್ಟ್ರೇ, ಉಸಿರನ್ನು ಗಮನಿಸಿ" ಎಂದರು ದೂಮಪ್ಪನವರು, ಬಹಳ ಮೆತ್ತಗೆ.

"ಗಮನಿಸ್ತಾ ಇದ್ದೇನೆ" ಎಂದು ಮಾಷ್ಟ್ರು ತೊದಲಿ ಕಣ್ಣು ಬಿಟ್ಟರು. ಧ್ಯಾನ ಯಾವಾಗಲೋ ಮುಗಿದಿತ್ತು. ಪ್ರಭಾವತಿ ಟೀಚರು ವರದಿಗೆ ಸಿದ್ಧರಾಗಿ ನಿಂತಿದ್ದರು. ಎದುರಿಗೆ ಬಾಳೆಲೆ. ಅದರ ಮೇಲೆ ಅನ್ನ, ಮಾವಿನಮಿಡಿ, ಸೌತೆಕಾಯಿಯ ಹುಳಿ. ಅಮ್ಮಣ್ಣಿ ಬದಿಯಲ್ಲಿ ಸೌಟು ಹಿಡಿದು, "ಹೊಸ ಪಾತ್ರೆಯಲ್ಲಿ ಬೇರೆಯೇ ಮಾಡಿದ್ದು ಮಾಷ್ಟ್ರೇ. ಮೀನು ಮುಟ್ಟಿದ ಕೈಯಲ್ಲ. ಮೂರು ಸಲ ತೊಳೆದಿದ್ದೇನೆ" ಎಂದರು. ಆ ಮುದುಕಿಯ ಮುಖದಲ್ಲಿ ಮಾಷ್ಟ್ರು ಇವತ್ತಾದರೂ ಉಣ್ಣುತ್ತಾರೋ ಇಲ್ಲವೋ ಎಂಬ ಹೆದರಿಕೆ ಇತ್ತು.

ಮಾಷ್ಟ್ರ ಬಾಯಿ ಅಭ್ಯಾಸದ ಬಲದಿಂದ ತೆರೆಯಿತು. "ಅಲ್ಲ, ಅಮ್ಮ, ಇವತ್ತು ನನಗೆ..."

"ಇವತ್ತು ತದಿಗೆ" ಎಂದರು ಪಕ್ಕದ ಎಲೆಯಲ್ಲಿ ಆಗಲೇ ಅನ್ನ ಕಲಸುತ್ತಿದ್ದ ನರ್ಮದಾ. "ಉಪವಾಸ ಇಲ್ಲ, ಶ್ರಾದ್ಧ ಇಲ್ಲ, ನಿಮ್ಮ ಹೊಟ್ಟೆಯೂ ಸರಿ ಉಂಟು. ನಾನು ಪಂಚಾಂಗ ನೋಡಿಯೇ ಬಂದದ್ದು."

ಮಾಷ್ಟ್ರು ಒಮ್ಮೆ ಎಲೆಯನ್ನು ನೋಡಿದರು, ಒಮ್ಮೆ ಅಮ್ಮಣ್ಣಿಯ ಮುಖ ನೋಡಿದರು. ನಂತರ ಗಂಟೆಯನ್ನು ಕೆಳಗಿಟ್ಟು ಕೈ ತೊಳೆಯಲು ಎದ್ದರು.