ಗಂಧೆಯ ಕಾರಣ ಹುಡುಕಲು ಹೋಗಿ

ಇಪ್ಪತ್ತೆರಡು ವರ್ಷದಿಂದ ಫ್ಯಾನ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿರುವ ನಾನು ಒಂದು ಯಃಕಶ್ಚಿತ್ ಪಿತ್ತದ ಗಂಧೆಗೆ ಸೋಲುವುದೇ? ಛೆ! ಕಾರಣವನ್ನು ನಾನೇ ಪತ್ತೆಹಚ್ಚಿ, ಜುಟ್ಟು ಹಿಡಿದು ಹೊರಗೆಳೆಯುತ್ತೇನೆ ಎಂದು ಕನ್ನಡಿಯ ಮುಂದೆ ನಿಂತು ಘೋಷಿಸಿದೆ. ಘೋಷಿಸುವಾಗಲೂ ಎರಡೂ ಕೈಯಲ್ಲಿ ತುರಿಸಿಕೊಳ್ಳುತ್ತಿದ್ದೆ ಎಂಬುದನ್ನು ಮಾತ್ರ ದಯವಿಟ್ಟು ಮರೆತುಬಿಡಿ.

ಮೂರು ತಿಂಗಳಿಂದ ಇದೇ ಪಾಡು. ಬೆಳಿಗ್ಗೆ ತೋಳಿನ ಮೇಲೆ ಎದ್ದ ಕೆಂಪು ದದ್ದು ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ವರ್ಗವಾಗಿರುತ್ತಿತ್ತು. ಅಷ್ಟು ಬೇಗ ವರ್ಗ ಮಾಡಿಸಿಕೊಳ್ಳಲು ನಮ್ಮ ಮ್ಯಾನೇಜರಿಗೂ ಬರುವುದಿಲ್ಲ!

ಕಾರ್ಖಾನೆಯಲ್ಲಿ ನಮ್ಮದೊಂದು ಪದ್ಧತಿ ಇದೆ. ಫ್ಯಾನು ಗೊರಗೊರ ಎಂದರೆ ಒಂದೊಂದೇ ಭಾಗ ಬಿಚ್ಚಿ, ಬೇರೆಯದು ಹಾಕಿ ಓಡಿಸಿ ನೋಡುವುದು. ಮನೆಯಲ್ಲೂ ಹಾಗೇ ಮಾಡಿದೆ. ತೆಗೆಯಬೇಕಾದ್ದನ್ನೆಲ್ಲ ಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಮೊದಲು ಸೋಪು ಹೋಯಿತು. ಆಮೇಲೆ ಮೊಟ್ಟೆ, ಉಣ್ಣೆಯ ಹೊದಿಕೆ, ಕಿಟಕಿಯ ಪರದೆ. ಬೆಕ್ಕು ಪಕ್ಕದ ಮನೆ ಸೇರಿತು. ಹೋಗುವಾಗ ತಿರುಗಿಯೂ ನೋಡಲಿಲ್ಲ, ಕೃತಘ್ನ ಪ್ರಾಣಿ! ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ನೂಲಿನ ಧೂಳೆಂದು ಅವಳ ಹೊಲಿಗೆ ಯಂತ್ರವನ್ನೂ ಹಿಂದಿನ ಶೆಡ್ಡಿಗೆ ಸಾಗಿಸಿದೆ. ಗಂಧೆ ಮಾತ್ರ ಜಗ್ಗಲಿಲ್ಲ.

"ಇದೂ ಅಲ್ಲ. ಮುಂದಿನದು!" ಎಂದೆ.

"ಮುಂದಿನದು ಏನಿದೆ ಮನೇಲಿ? ನಾಲ್ಕು ಗೋಡೆ, ನೀವು, ನಾನು" ಎಂದಳು.

ಬುದ್ಧಿ ಇದ್ದ ಗಂಡ ಅಲ್ಲಿಗೆ ಪೆನ್ನು ಕೆಳಗಿಡುತ್ತಿದ್ದ. ಆದರೆ ತಪಾಸಣೆಗಾರನ ಕೈ ಕೇಳಬೇಕಲ್ಲ! ಬಿಟ್ಟುಹೋದ ಭಾಗ ಕಂಡರೆ ಅದಕ್ಕೆ ತಡೆಯಲಾಗದು. ಪಟ್ಟಿಯ ಕೊನೆಯಲ್ಲಿ ದುಂಡಗೆ ಬರೆದುಬಿಟ್ಟೆ: "ಹೆಂಡತಿ, ಎರಡು ವಾರ."

ಮಾರನೆಯ ದಿನ ಕೆಲಸದಿಂದ ಬಂದರೆ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕನ ಮನೆಗೆ ಹೋಗ್ತಿದೀನಿ. ನಿಮ್ಮ ಪರೀಕ್ಷೆ ಸಾಂಗವಾಗಿ ನಡೀಲಿ."

"ಅಯ್ಯೋ, ಅದು ಸುಮ್ನೆ ಬರೆದಿದ್ದು ಕಣೇ!"

"ಬೆಕ್ಕನ್ನ ಸುಮ್ನೆ ಕಳಿಸಿದ್ರಾ? ನನಗ್ಯಾಕೆ ರಿಯಾಯಿತಿ?"

ಹೋದಳು. ಗಂಧೆ ಇನ್ನೂ ಹುರುಪಿನಿಂದ ಎದ್ದಿತು. ತುರಿಕೆಯನ್ನಾದರೂ ತಡೆದುಕೊಳ್ಳಬಹುದಿತ್ತು, ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿದರೆ ಅರ್ಧ ಗಂಟೆ ನೆಮ್ಮದಿ. ಅವಳಿಲ್ಲದ ಸಂಜೆಗಳನ್ನು ಯಾವ ಚೌಕಟ್ಟಿಗೆ ಉಜ್ಜಲಿ? ಮೊದಲೆಲ್ಲ ಕುರ್ಚಿಯಲ್ಲಿ ಕೂತಾಗ ಅವಳ ಗುಂಡುಸೂಜಿ ಚುಚ್ಚಿದರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಈಗ ಧೈರ್ಯವಾಗಿ ಕೂರುತ್ತೇನೆ, ಏನೂ ಚುಚ್ಚುವುದಿಲ್ಲ, ಕಣ್ಣು ತುಂಬಿ ಬರುತ್ತದೆ. ದದ್ದು ಎದ್ದ ಜಾಗಕ್ಕೆ ಅವಳು ಬಾಯಿಯಿಂದ ಗಾಳಿ ಊದುತ್ತಿದ್ದಳು. ಅವಳಿಗಾಗಿ ಅಷ್ಟು ಹಂಬಲ ಮದುವೆ ನಿಶ್ಚಯವಾದ ದಿನಗಳಲ್ಲೂ ಇರಲಿಲ್ಲ. ಒಂದು ಸಂಜೆಯಂತೂ ಶೆಡ್ಡಿಗೆ ಹೋಗಿ ಹೊಲಿಗೆ ಯಂತ್ರವನ್ನು ಖಾಲಿಯಾಗಿಯೇ ತುಳಿದೆ, ಆ ಸದ್ದು ಕೇಳಲೆಂದು. ಪಕ್ಕದ ಮನೆಯಾಕೆ ಕಿಟಕಿಯಿಂದ, "ಹೊಲಿಗೆ ಶುರು ಮಾಡಿದ್ರಾ?" ಎಂದರು. ನಾಚಿಕೆಯಿಂದ ಮೈಯೆಲ್ಲ ಕೆಂಪಾಯಿತು. ಗಂಧೆ ಯಾವುದು, ನಾಚಿಕೆ ಯಾವುದು ಎಂದು ಹೇಳುವುದೇ ಕಷ್ಟ!

ಹನ್ನೊಂದನೆಯ ದಿನ ಸೋತು ಚರ್ಮದ ಡಾಕ್ಟರಮ್ಮನ ಮುಂದೆ ಕೂತೆ.

"ಚರ್ಮದೊಳಗೆ ಮಾಸ್ಟ್ ಕೋಶ ಅಂತ ಕಾವಲುಗಾರರಿದ್ದಾರೆ" ಎಂದರು ಅವರು. "ವೈರಿ ನುಗ್ಗಿದ್ರೆ ಹಿಸ್ಟಮಿನ್ ಅನ್ನೋ ರಾಸಾಯನಿಕ ಚೆಲ್ಲಿ ಗಲಾಟೆ ಎಬ್ಬಿಸೋದು ಅವರ ಕೆಲಸ. ನಿಮ್ಮಲ್ಲಿ ವೈರಿ ಇಲ್ಲದೇನೇ ಚೆಲ್ತಿದ್ದಾರೆ. ಎಷ್ಟೋ ಜನರಲ್ಲಿ ದೇಹ ತಾನೇ ತಯಾರಿಸಿದ ಪ್ರತಿಕಾಯಗಳೇ ಅವರನ್ನ ಕೆಣಕ್ತವೆ."

"ಅಂದ್ರೆ ಹೊರಗಿನವರ ತಪ್ಪೇನೂ ಇಲ್ವಾ?"

"ಬಹುಶಃ ಇಲ್ಲ. ದಿನಾ ಈ ಮಾತ್ರೆ ತಗೊಳ್ಳಿ. ಮನೇಲಿ ಏನನ್ನೂ ಬಿಡಬೇಕಾಗಿಲ್ಲ."

"ಬಿಟ್ಟಾಗಿದೆಯಲ್ಲ ಡಾಕ್ಟ್ರೇ!" ಎಂದು ಎದ್ದವನೇ ಆಸ್ಪತ್ರೆಯ ಮೆಟ್ಟಿಲಿನಿಂದಲೇ ಫೋನ್ ಮಾಡಿದೆ.

"ಬಾ ಕಣೇ. ನೀನು ಕಾರಣ ಅಲ್ಲವಂತೆ."

"ಅಂತೆ! ಡಾಕ್ಟ್ರು ಸರ್ಟಿಫಿಕೇಟ್ ಕೊಟ್ರಾ?"

ತಪಾಸಣೆಗಾರ ಆ ಮೆಟ್ಟಿಲಲ್ಲೇ ರಾಜೀನಾಮೆ ಕೊಟ್ಟ. ಆಮೇಲೆ ಮಾತಾಡಿದ್ದು ಬರೀ ಗಂಡ. "ಕಾರಣ ನೀನೇ ಆಗಿದ್ರೂ ಪರವಾಗಿಲ್ಲ. ಮೈತುಂಬ ಗಂಧೆ ಏಳಲಿ, ನೀನು ಮನೇಲಿರಬೇಕು. ನೀನಿಲ್ದೆ ನನ್ನ ಕೈಲಿ ಆಗ್ತಿಲ್ಲ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ಗೆದ್ದೆ ಎಂದುಕೊಂಡೆ!

"ನನಗೂ ಇಲ್ಲಿ ನಿಮ್ಮದೇ ಯೋಚನೆ ರೀ. ಬರ್ತೀನಿ. ಆದ್ರೆ ಒಂದು ವಿಷಯ. ಎಂಟು ವರ್ಷದಿಂದ ಬಿಡದೆ ಕಾಡ್ತಿದ್ದ ನನ್ನ ತಲೆನೋವು, ಇಲ್ಲಿಗೆ ಬಂದ ದಿನದಿಂದ ಮಾಯ!"

"ಅದಕ್ಕೆ?"

"ಅದಕ್ಕೇನಿಲ್ಲ. ಇನ್ನೆರಡು ವಾರ ನೋಡ್ತೀನಿ. ಕಾರಣ ಗೊತ್ತಾಗ್ಬೇಕಲ್ಲ!"