ಮಾವನ ಟಾರ್ಚು

೧೯೭೧ರ ಬೇಸಿಗೆಯ ಒಂದು ಬೆಳಗ್ಗೆ ನಾನು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ, ಬಸವಕಲ್ಯಾಣದ ಬಸ್ಸು ನಿಲ್ಲುವ ಕಡೆ, ಬೇವಿನ ಮರದ ಕೆಳಗೆ ನಿಂತಿದ್ದೆ. ಹಾಗಾಗಿ ಇದನ್ನು ಹೇಳುವ ಹಕ್ಕು ನನಗಿದೆ: ನನ್ನ ಸೋದರಮಾವ ಮನುಷ್ಯರ ಮುಖ ನೋಡಿದವನೇ ಅಲ್ಲ. ನೋಡಿದ್ದೆಲ್ಲ ಬಾಯಿ!

ಅವನು ಮುಂಬಯಿಯ ಪ್ರಯೋಗಾಲಯವೊಂದರಲ್ಲಿ ಕ್ಯಾನ್ಸರ್ ಸಂಶೋಧಕ. ಅಂದು ಬಸ್ಸಿನಿಂದ ಇಳಿದವನು ತನ್ನ ಟ್ರಂಕನ್ನೂ ಇಳಿಸಿಕೊಳ್ಳದೆ, ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ ಕಂಡಕ್ಟರನ ಬಾಯಿಗೆ ಟಾರ್ಚು ಹಿಡಿದ.

"ಎತ್ತಿನ ಹಲ್ಲು ನೋಡಿದಂಗ ನೋಡಾಕತ್ತೀರಲ್ರಿ ಸಾಬ್! ಖರೀದಿ ಮಾಡ್ತೀರೇನು?"

"ಎತ್ತಾಗಿದ್ರ ಚಿಂತಿ ಇರಲಿಲ್ಲಪ, ಅದು ತಂಬಾಕು ತಿನ್ನಂಗಿಲ್ಲ. ಎಡಗಡಿ ಬಿಳಿ ಕಲೆ ಅದ. ಇವತ್ತ ದವಾಖಾನಿಗೆ ಹೋಗು."

ಕಂಡಕ್ಟರ್ ಸೀಟಿ ಊದುವುದನ್ನೇ ಮರೆತ.

ಆ ವಾರ ಬಸವಕಲ್ಯಾಣದಲ್ಲಿ ನಮ್ಮ ಓಣಿಯ ಮದುವೆ. ಊಟವಾದ ಮೇಲೆ ಬೀಗರಿಗೆ ಎಲೆ-ಅಡಿಕೆಯ ಜೊತೆ ತಂಬಾಕು ಕೊಡದಿದ್ದರೆ ಅಪಮಾನವಲ್ಲವೇ? ಮಾವ ತಾಟಿನಿಂದ ತಂಬಾಕಿನ ಡಬ್ಬಿ ಎತ್ತಿ, ಅದರ ಮೇಲೆ ಕುಳಿತುಬಿಟ್ಟ!

"ಇದೇನು ಬೇಇಜ್ಜತಿ!" ಎಂದು ಬೀಗರು ಎದ್ದರು.

"ಬೇಇಜ್ಜತಿಗೆ ಯಾರೂ ಸಾಯಂಗಿಲ್ರಿ ಬೀಗರ. ಇಲಿ ಮ್ಯಾಲ ಔಷಧ ನೋಡೋದು ನನ್ನ ಕೆಲಸ. ತಾಟಿನಾಗ ರೋಗ ಇಟ್ಟು ಕೊಡದಂಗ ಇರೋದು ಊರಿನ ಕೆಲಸ. ಬಾಯಿ ತೆಗೀರಿ."

ಹಿರಿಯರು ಕೈಮುಗಿದದ್ದಕ್ಕೆ ಮದುವೆ ಉಳಿಯಿತು. ಆ ಓಣಿಯ ಮದುವೆಗಳಿಗೆ ನಮ್ಮ ಮನೆಗೆ ಕರೆ ಬರುವುದು ನಿಂತಿತು.

ಅವನು ಸೋತದ್ದು ಒಂದೇ ಕಡೆ. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ, ನನ್ನ ಅವ್ವ, ದಿನಾ ಬೆಳಗ್ಗೆ ಹಿತ್ತಲಲ್ಲಿ ಕುಳಿತು ಹಲ್ಲಿಗೆ ಮಿಶ್ರಿ ತಿಕ್ಕುವಳು. ಮಿಶ್ರಿ ಎಂದರೆ ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ ತಂಬಾಕು. ಚಿಕ್ಕಂದಿನಲ್ಲಿ ಅದನ್ನು ಅವಳಿಗೆ ಕುಟ್ಟಿಕೊಡುತ್ತಿದ್ದವನು ಇದೇ ಮಾವ! ಪಕ್ಕದ ಮನೆಯ ಬೀಬಿ ಖಾಲಾ ಜೊತೆಗೆ ಕೂತು ತಾನೂ ತಿಕ್ಕುವಳು.

"ಅಕ್ಕಾ, ಒಮ್ಮಿ ಬಾಯಿ ತೆಗಿ."

ಅವ್ವ ಮೂಗಿನ ತನಕ ಸೆರಗು ಎಳೆಯುವಳು. "ತುತ್ತು ಹಾಕಿ ನಿನ್ನ ಬಾಯಿ ತೆಗೆಸಿದಾಕಿ ನಾ. ಈಗ ನನಗ ಬಾಯಿ ತೆಗಿ ಅಂತಿ? ಗಂಡಸರ ಮುಂದ ನಾ ಹಲ್ಲು ತೋರಿಸಿದಾಕಿ ಅಲ್ಲ."

"ಊರೆಲ್ಲಾ ಗೆದ್ದಿ ಭೈಯಾ, ನಿನ್ನ ಆಪಾ ಮುಂದ ಸೋತಿ!" ಎಂದು ಖಾಲಾ ಓಢಣಿಯೊಳಗೇ ನಗುವಳು. ಮಾವ ಟಾರ್ಚು ಆರಿಸಿ ಜೇಬಿಗೆ ಹಾಕಿಕೊಳ್ಳುವನು. ರಜೆಗೆ ಬಂದಾಗಲೆಲ್ಲ ಇದೇ ಆಟ.

ಕೆಲವು ವರ್ಷಗಳ ಮೇಲೆ ಅವ್ವನಿಗೆ ರೊಟ್ಟಿ ನುಂಗುವುದು ಆಗದಾಯಿತು. ಮಾವನನ್ನು ಕರೆಸಿದೆವು. ಅದೇ ಹಿತ್ತಲು, ಪಕ್ಕದಲ್ಲಿ ಅದೇ ಖಾಲಾ. ಅವ್ವ ತಾನಾಗಿಯೇ ಸೆರಗು ಸರಿಸಿದಳು. ದವಡೆ ಒಂದು ಬೆರಳಿನಷ್ಟು ಮಾತ್ರ ತೆರೆಯಿತು. ರೋಗ ಕಾಣಲು ಟಾರ್ಚು ಬೇಕಾಗಲಿಲ್ಲ.

ಅವನು ಒಳಗೆ ಹೋಗಿ ಬಟ್ಟಲಲ್ಲಿ ಗಂಜಿ ತಂದ. ಚಮಚ ಅವಳ ತುಟಿಗೆ ಹಿಡಿದು, ಕೂಸಿಗೆ ಉಣಿಸುವವರಂತೆ ತಾನೇ ಬಾಯಿ ತೆರೆದ. "ಆ... ಅನ್ನು, ಅಕ್ಕಾ."

ಅವ್ವ ಬಹಳ ಹೊತ್ತು ಅವನ ಬಾಯಿಯೊಳಗೆ ನೋಡಿದಳು. ಮಾತು ತಡೆತಡೆದು ಬಂತು. "ನಿನ್ನ ಬಾಯಿ ಸ್ವಚ್ಛ ಅದ, ತಮ್ಮಾ."

ಅವನು ಚಮಚವನ್ನು ಬಟ್ಟಲಿಗೆ ಇಳಿಸಿದ. ಖಾಲಾ ಬಟ್ಟಲನ್ನು ತೆಗೆದಿಟ್ಟಳು. ಮುಖದ ಮೇಲಿನ ಓಢಣಿ ಸರಿಸಿ, ಅವನೆದುರು ಕುಳಿತಳು. "ಭೈಯಾ, ನಂದೂ ನೋಡು."

ಟಾರ್ಚು ಹೊತ್ತಿತು. ಕಲೆ ಇತ್ತು. ಸಣ್ಣದಿತ್ತು.

ಅವ್ವ ಮಳೆಗಾಲ ನೋಡಲಿಲ್ಲ. ಈಗ ಮಾವನೂ ಇಲ್ಲ. ಆ ದಿನ ಆ ಹಿತ್ತಲಿನಲ್ಲಿ ಇದ್ದವರ ಪೈಕಿ ನಾನಿದ್ದೇನೆ. ಬೀಬಿ ಖಾಲಾ ಇದ್ದಾಳೆ.